ಸೊಸೈಟಿಯ ಶಾಕಾಹಾರಿ ಮೀನುಗಳು

ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಮೀನು ತಿನ್ನುವವರಿಗೆ ಮನೆ ಕೊಡುವುದಿಲ್ಲ. ಹಾಗಂತ ಗೇಟಿಗೆ ಬೋರ್ಡೇನೂ ನೇತುಹಾಕಿಲ್ಲ. ಆದರೆ ಮುಂಬಯಿ ಪಕ್ಕದ ಈ ಡೊಂಬಿವಲಿಯಲ್ಲಿ ಮನೆ ಹುಡುಕಿದವರಿಗೆಲ್ಲ ಗೊತ್ತು, ಕೆಲವು ಏಜೆಂಟರು ಹೆಸರು ಕೇಳುವ ಮೊದಲೇ ವೆಜ್ಜಾ ನಾನ್‌ವೆಜ್ಜಾ ಎಂದು ಕೇಳುತ್ತಾರೆ. ನಮ್ಮನ್ನು ಯಾರೂ ಕೇಳಲೇ ಇಲ್ಲ. ನನ್ನ ಗಂಡ ಜಯಶೀಲ ಶೆಟ್ಟರದ್ದು ಸ್ಟೇಷನ್ ಹತ್ತಿರ ಉಡುಪಿ ಹೋಟೆಲು. ಗಲ್ಲಾದ ಹಿಂದೆ ಕೃಷ್ಣನ ಫೋಟೋ, ಅದಕ್ಕೆ ದಿನಾ ಹೊಸ ಹಾರ, ಹೊರಗೆ ದೊಡ್ಡ ಅಕ್ಷರಗಳಲ್ಲಿ 'ಶುದ್ಧ ಶಾಕಾಹಾರಿ'. ಸೊಸೈಟಿಯ ಸೆಕ್ರೆಟರಿ ಶ್ರೀನಿ ಮೈಸೂರಿನವರು, ಬೇಲಾಪುರದ ಯಾವುದೋ ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತಾರೆ, ಬೆಳಿಗ್ಗೆ ನಮ್ಮಲ್ಲಿ ಇಡ್ಲಿ ತಿಂದೇ ಟ್ರೇನು ಹತ್ತುತ್ತಾರೆ. "ಶೆಟ್ರು ನಮ್ಮ ಹಾಗೇ ಬಿಡಿ" ಎಂದು ಕಮಿಟಿಗೆ ಅವರೇ ಹೇಳಿದರಂತೆ. ಹೋಟೆಲು ಶಾಕಾಹಾರಿಯಾದರೆ ಹೋಟೆಲಿನವನೂ ಶಾಕಾಹಾರಿ ಎಂದು ತೀರ್ಮಾನಿಸುವ ಜಾಣತನ ಆ ಮನುಷ್ಯನಿಗೆ ಮಾತ್ರ ಬರುತ್ತದೆ. ನಾವು ಸುಳ್ಳು ಹೇಳಲಿಲ್ಲ. ಬಾಯಿ ಮುಚ್ಚಿಕೊಂಡು ಕೀ ತೆಗೆದುಕೊಂಡೆವು.

ಬಾಯಿ ಮುಚ್ಚಿಕೊಂಡದ್ದೇ ಕಷ್ಟಕ್ಕೆ ಬಂತು. ನಾನು ಮಲ್ಪೆಯಲ್ಲಿ ಹುಟ್ಟಿ ಬೆಳೆದವಳು. ಮೀನಿಲ್ಲದ ಊಟ ನನಗೆ ಊಟವೇ ಅಲ್ಲ, ಅದು ಬರೀ ಅನ್ನ. ಮನೆಯಲ್ಲಿ ಹುರಿಯುವಂತಿಲ್ಲ; ಮೀನಿನ ವಾಸನೆಗೆ ಲಿಫ್ಟು ಬೇಡ, ಮೂರನೆಯ ಮಹಡಿಗೆ ತಾನಾಗಿಯೇ ಹತ್ತುತ್ತದೆ. ಹಾಗಾಗಿ ಪ್ರತಿ ಭಾನುವಾರ ಕಲ್ಯಾಣಿನಲ್ಲಿರುವ ನಾದಿನಿ ಪ್ರಫುಲ್ಲಾಳ ಮನೆಗೆ ಹೋಗಿ, ವಾರದ ಹಸಿವನ್ನೆಲ್ಲ ಅಲ್ಲಿ ತೀರಿಸಿಕೊಂಡು ಬರುತ್ತಿದ್ದೆವು. ಎಲ್ಲಿಗೆ ಎಂದು ಒಮ್ಮೆ ಶ್ರೀನಿಯ ಹೆಂಡತಿ ವೇದಾ ಕೇಳಿದಾಗ ನನ್ನ ಗಂಡ ಗಾಬರಿಯಲ್ಲಿ "ಭಜನೆಗೆ" ಎಂದುಬಿಟ್ಟರು. ಅಂದಿನಿಂದ ನಮಗೆ ಸೊಸೈಟಿಯಲ್ಲಿ ದೊಡ್ಡ ಗೌರವ. ಮೆಗಾಬ್ಲಾಕ್ ಎಂದು ಟ್ರೇನು ನಿಲ್ಲಿಸಿದ ಭಾನುವಾರವೂ ರಿಕ್ಷಾ ಹಿಡಿದು ಹೋಗುತ್ತಾರೆ, ಎಂಥ ಭಕ್ತಿ ಎಂದು ಮಾತಾಡಿಕೊಳ್ಳುತ್ತಿದ್ದರು.

ಈ ಗುಟ್ಟು ಗೊತ್ತಿದ್ದದ್ದು ಒಬ್ಬಳಿಗೇ, ಪಾತ್ರೆ ತೊಳೆಯಲು ಬರುವ ಸಾಬವ್ವನಿಗೆ. ಕಲಬುರ್ಗಿ ಕಡೆಯವಳು, ನಮ್ಮ ಕಟ್ಟಡದ ಏಳೆಂಟು ಮನೆಗಳ ಕೆಲಸ ಅವಳದ್ದೇ. ಒಂದು ಸೋಮವಾರ ನನ್ನ ಕೈಯಿಂದ ಪಾತ್ರೆ ತೆಗೆದುಕೊಳ್ಳುವಾಗ ಮೂಗೇರಿಸಿದಳು.

"ಬಾಯಾರ, ನಿಮ್ಮ ಕೈ ಮೀನ ವಾಸನಿ ಹೊಡ್ಯಾಕತ್ತೈತ್ರಿ."

ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡೆ. ಮುಂದಿನ ವಾರದಿಂದ ಕಲ್ಯಾಣಿನಿಂದ ಬರುವಾಗ ಒಂದು ಸಣ್ಣ ಡಬ್ಬಿಯಲ್ಲಿ ಅವಳಿಗೂ ಒಂದು ತುಂಡು ತರತೊಡಗಿದೆ. ಮೊದಮೊದಲು ಅದು ಅವಳ ಬಾಯಿ ಮುಚ್ಚಿಸಲು ಕೊಟ್ಟದ್ದೇ, ಸುಳ್ಳೇಕೆ ಹೇಳಲಿ? ಆಮೇಲೆ ಅಭ್ಯಾಸವಾಯಿತು. ಮಸಾಲೆ ಹಿಡಿದಿತ್ತೇ, ಹುಳಿ ಸಾಕಾಗಿತ್ತೇ ಎಂದು ಕೇಳಲು ಇಡೀ ಸೊಸೈಟಿಯಲ್ಲಿ ನನಗೆ ಅವಳೊಬ್ಬಳೇ ಇದ್ದಳು.

ಇನ್ನು ಟಾಂಕಿಯ ಕತೆ. ನಮ್ಮದು ನೆಲಮಹಡಿಯ ಮನೆ, ಹಿಂದೆ ಸ್ವಲ್ಪ ಹಿತ್ತಲಿದೆ. ಕಟ್ಟಡ ಕಟ್ಟುವಾಗ ನೀರು ತುಂಬಿಸಿಡಲು ಬಿಲ್ಡರು ಮಾಡಿಸಿದ ಸಿಮೆಂಟ್ ಟಾಂಕಿ ಅಲ್ಲೇ ಉಳಿದುಕೊಂಡಿತ್ತು. ಮಳೆಗಾಲದಲ್ಲಿ ಅದರಲ್ಲಿ ನೀರು ನಿಂತು ಸೊಳ್ಳೆ ಹುಟ್ಟಿತು. ಮಲೇರಿಯಾ ಇಲಾಖೆಯವರು ಬಂದು ಬಗ್ಗಿ ನೋಡಿ, ಇದನ್ನು ಒಡೆಯಿರಿ, ಇಲ್ಲವೇ ಸೊಳ್ಳೆ ಮರಿ ತಿನ್ನುವ ಗಪ್ಪಿ ಮೀನು ಬಿಡಿ ಎಂದರು.

ಮೀನು ಎಂಬ ಮಾತು ಕೇಳಿದ್ದೇ ತಡ, ನನ್ನೊಳಗೆ ಏನೋ ಕುಣಿಯಿತು. ತಿನ್ನಲು ಅಲ್ಲ. ಕೆರೆ ಬಾವಿಯ ಮೀನನ್ನು ನಮ್ಮ ಕಡೆಯವರು ಮೀನಿನ ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದು ಕೆಸರು ವಾಸನೆ. ಆದರೆ ನೋಡಬಹುದಲ್ಲ! ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಕಣ್ಣೆದುರು ನಾಲ್ಕು ಮೀನು ಓಡಾಡುವುದನ್ನು ನೋಡುವ ಆಸೆ ನನಗೆ ಎಷ್ಟಿತ್ತು ಎಂದು ಆಗಲೇ ಗೊತ್ತಾದದ್ದು.

"ಮೀನೇ ಬಿಡುವ" ಎಂದೆ.

"ಸುಮ್ಮನೆ ಇರು ಮಾರಾಯ್ತಿ" ಎಂದರು ಗಂಡ. "ಮೀನು ಅಂದ್ರೆ ನಿನ್ನ ಮುಖ ಅರಳ್ತದೆ. ಯಾರಾದ್ರೂ ನೋಡಿದ್ರೆ ನಮ್ಮ ಕತೆ ಮುಗೀತು. ಹೋಟೆಲಿನ ಹೆಸರೂ ಉಂಟು ಇದರಲ್ಲಿ."

ವಿಷಯ ಕಮಿಟಿಗೆ ಹೋಯಿತು. ಶ್ರೀನಿ ಕನ್ನಡಕ ಏರಿಸಿ ಕೇಳಿದರು: "ಈ ಗಪ್ಪಿ ಮೀನು ಸೊಳ್ಳೆ ಮರಿ ತಿನ್ನುತ್ತೆ ಅಂತೀರಲ್ಲ, ಅಂದ್ರೆ ಅದು ನಾನ್‌ವೆಜ್ ಆಯ್ತಲ್ಲ ಶೆಟ್ರೆ?"

ತಮಾಷೆ ಎಂದುಕೊಂಡು ನಾನು ನಕ್ಕೆ. ತಮಾಷೆಯಾಗಿರಲಿಲ್ಲ. ನಮ್ಮ ಆವರಣದಲ್ಲಿ ವಾಸಿಸುವವರೆಲ್ಲ ಶಾಕಾಹಾರಿಗಳಾಗಿರಬೇಕು ಎಂಬ ನಿಯಮ ಮೀನಿಗೆ ಅನ್ವಯಿಸುತ್ತದೆಯೇ ಎಂದು ಒಂದಿಡೀ ಸಂಜೆ ಚರ್ಚೆ ನಡೆಯಿತು. ಸೊಳ್ಳೆ ಮರಿ ಇನ್ನೂ ಯಾರ ರಕ್ತವನ್ನೂ ಕುಡಿದಿಲ್ಲವಾದ್ದರಿಂದ ಅದು ವೆಜ್ಜೇ ಎಂದು ಮೂರನೆಯ ಮಹಡಿಯವರು ಹಿಂದಿಯಲ್ಲಿ ವಾದಿಸಿದರು. ಕೊನೆಗೆ ಶ್ರೀನಿಯೇ ದಾರಿ ಹುಡುಕಿದರು. ಗಪ್ಪಿಗಳು ಬರುವುದು ಕೆಲಸಕ್ಕೆ. ವಾಚ್‌ಮನ್ ತನ್ನ ಡಬ್ಬಿಯಲ್ಲಿ ಏನು ತರುತ್ತಾನೆ ಎಂದು ನಾವು ಕೇಳುತ್ತೇವೆಯೇ? ಅವುಗಳನ್ನು ಕೆಲಸದವರ ಲೆಕ್ಕಕ್ಕೆ ಹಾಕೋಣ. ಟಾಂಕಿ ಹೇಗೂ ಇದೆಯಲ್ಲ, ಚೆಂದಕ್ಕೆಂದು ಕೆಲವು ದೊಡ್ಡ ಮೀನುಗಳನ್ನೂ ತರೋಣ; ಆದರೆ ಅವು ನಿವಾಸಿಗಳು. ಅವು ಮಾತ್ರ ಶುದ್ಧ ಶಾಕಾಹಾರಿಯಾಗಿರಬೇಕು.

ಗಪ್ಪಿಗಳನ್ನು ಇಲಾಖೆಯವರೇ ಪುಕ್ಕಟೆ ಕೊಟ್ಟರು. ನಿವಾಸಿಗಳನ್ನು ಆರಿಸಲು ರಜೆಯಿದ್ದ ಒಂದು ಗುರುವಾರ ಶ್ರೀನಿ, ವೇದಾ, ನಾವಿಬ್ಬರು ಥಾಣೆಗೆ ಹೊರಟೆವು. ಟ್ರೇನಿನಲ್ಲಿ ನನ್ನ ಗಂಡ ಕಿವಿಯ ಹತ್ತಿರ ಬಗ್ಗಿ, ಅಂಗಡಿಯಲ್ಲಿ ಕೈ ಕಟ್ಟಿಕೊಂಡು ನಿಲ್ಲು, ಏನೂ ಮಾತಾಡಬೇಡ ಎಂದು ತುಳುವಿನಲ್ಲಿ ಪಾಠ ಹೇಳಿದರು.

ಕೈ ಕಟ್ಟಿಕೊಂಡೇ ನಿಂತಿದ್ದೆ. ಆದರೆ ಅಂಗಡಿಯವನು ಬಲೆಯಲ್ಲಿ ಒಂದು ಗೋಲ್ಡ್ ಫಿಶ್ ಎತ್ತಿ ಹಿಡಿದಾಗ ನನ್ನ ಹೆಬ್ಬೆರಳು ತಾನಾಗಿ ಹೋಗಿ ಅದರ ಕಿವಿರು ಎತ್ತಿತು. ಬಾಯಿಯೂ ತಾನಾಗಿ ಆಡಿತು: "ಕೆಂಪಗುಂಟು. ತಾಜಾ."

"ತಾಜಾ?" ಎಂದಳು ವೇದಾ.

"ಆರೋಗ್ಯ ಚೆನ್ನಾಗುಂಟು ಅಂತ. ಟೀವಿಯಲ್ಲಿ ತೋರಿಸಿದ್ರು."

ಗಂಡ ಗೋಡೆಯ ಕಡೆ ತಿರುಗಿ ಕೆಮ್ಮಿದರು. ವೇದಾ ಮಾತ್ರ ನನ್ನ ಹೆಗಲ ಮೇಲೆ ಕೈಯಿಟ್ಟು, ಸುಂದರಕ್ಕನಿಗೆ ಎಷ್ಟೆಲ್ಲ ವಿಷಯ ಗೊತ್ತು ನೋಡಿ ಎಂದು ಗಂಡನಿಗೆ ಹೆಮ್ಮೆಯಿಂದ ಹೇಳಿದಳು. ಒಳ್ಳೆಯ ಹೆಣ್ಣು. ಅವಳಿಗೆ ಸುಳ್ಳು ಹೇಳುವಾಗಲೆಲ್ಲ ನನಗೆ ನನ್ನ ಮೇಲೇ ಸಿಟ್ಟು ಬರುತ್ತಿತ್ತು.

ಶ್ರೀನಿ ಪ್ರತಿ ಮೀನಿನ ಮುಂದೆಯೂ ನಿಂತು, ಇದು ಏನು ತಿನ್ನುತ್ತದೆ ಎಂದು ವರನ ಮನೆ ವಿಚಾರಿಸುವ ಹಾಗೆ ವಿಚಾರಿಸುತ್ತಿದ್ದರು. ಎರಡನೆಯ ಪ್ರಶ್ನೆಗೇ ಅಂಗಡಿಯವನಿಗೆ ಗಿರಾಕಿಯ ನಾಡಿ ಸಿಕ್ಕಿತು. "ಏಕ್‌ದಮ್ ಶುದ್ಧ್ ವೆಜ್, ಸಾಬ್. ಪಾಲಕ್ ಡಾಲೋ, ಮಟರ್ ಡಾಲೋ, ಸಬ್ ಖಾಯೇಗಾ" ಎಂದು ಎಲ್ಲ ಮೀನಿಗೂ ಒಂದೇ ಮಾತು ಹೇಳತೊಡಗಿದ. ಒಂದಷ್ಟು ಗೋಲ್ಡ್ ಫಿಶ್ ಆದವು. ಅಷ್ಟರಲ್ಲಿ ಶ್ರೀನಿಯ ಕಣ್ಣು ಮೂಲೆಯ ತೊಟ್ಟಿಗೆ ಬಿತ್ತು. ಕಪ್ಪು ಮೈ, ಮೇಲೆ ಕಿತ್ತಳೆ ಬಣ್ಣದ ಚಿತ್ತಾರ, ಬೆರಳುದ್ದದ ಮರಿಗಳು. ಆಸ್ಕರ್ ಅಂತ ಹೆಸರು. ಬೇರೆ ಮೀನುಗಳ ಹಾಗೆ ಗಡಿಬಿಡಿಯಿಲ್ಲ, ನಿಂತಲ್ಲೇ ನಿಂತು ನಮ್ಮನ್ನು ನೋಡುತ್ತಿದ್ದವು.

"ಎಷ್ಟು ಗಂಭೀರವಾಗಿವೆ ನೋಡಿ! ಸಂಸ್ಕಾರ ಇರೋ ಮೀನು" ಎಂದರು ಶ್ರೀನಿ.

ನಾನು ಅವುಗಳ ಬಾಯಿ ನೋಡಿದೆ. ದಪ್ಪ ತುಟಿ, ಕೆಳದವಡೆ ಮುಂದೆ, ತೆರೆದರೆ ತಲೆಯಷ್ಟೇ ಅಗಲ. ನಮ್ಮ ಮಲ್ಪೆಯ ಮುರುಮೀನಿಗೂ ಇಂಥದೇ ಬಾಯಿ. ಅದರ ಹೊಟ್ಟೆ ಸೀಳಿದಾಗೆಲ್ಲ ಒಳಗೆ ಇಡಿಯಿಡೀ ಸಣ್ಣ ಮೀನುಗಳಿರುತ್ತಿದ್ದವು. ಪಾಲಕ್ ತಿನ್ನಲು ಯಾರಿಗೂ ಅಷ್ಟು ದೊಡ್ಡ ಬಾಯಿ ಬೇಕಾಗಿಲ್ಲ.

"ಇದರ ಬಾಯಿ ಯಾಕೋ ಸರಿ ಕಾಣುದಿಲ್ಲ" ಎಂದೆ.

"ಹೇಗೆ ಹೇಳ್ತೀರಾ?" ಶ್ರೀನಿ ತಿರುಗಿದರು. ಗಂಡನ ಕಣ್ಣು ಕೆಂಪಾಯಿತು. ಇದನ್ನೂ ಟೀವಿಯಲ್ಲಿ ನೋಡಿದೆ ಎಂದರೆ ನಂಬುವುದು ಕಷ್ಟ. ಸುಮ್ಮನಾದೆ. ಸಂಸ್ಕಾರವಂತ ಮೀನುಗಳ ಒಂದು ಜೋಡಿ ನಮ್ಮ ಜೊತೆ ಟ್ರೇನು ಹತ್ತಿತು.

ಟಾಂಕಿಯನ್ನು ತಿಕ್ಕಿ ತೊಳೆದು, ನಲ್ಲಿ ನೀರಿನ ಔಷಧಿ ವಾಸನೆ ಹೋಗಲೆಂದು ಮೊದಲೇ ತುಂಬಿಸಿಟ್ಟಿದ್ದೆವು. ಒಂದು ಮೂಲೆಯಲ್ಲಿ ತಾವರೆಯ ಕುಂಡ ಇಳಿಸಿದ್ದೆ. ತಂದ ಕೂಡಲೇ ಮೀನು ಸುರಿಯಬೇಡಿ, ಚೀಲವನ್ನು ಹಾಗೇ ನೀರಿನ ಮೇಲೆ ತೇಲಬಿಡಿ, ಎರಡೂ ನೀರಿನ ಬಿಸಿ ಒಂದೇ ಆಗಲಿ ಎಂದು ಅಂಗಡಿಯವನು ಹೇಳಿದ್ದ. ಶ್ರೀನಿಗೆ ತಾಳ್ಮೆಯಿಲ್ಲ, ಕತ್ತರಿ ಹಿಡಿದೇ ನಿಂತಿದ್ದರು. ಪುಣ್ಯಕ್ಕೆ ಆಗ ರಾಹುಕಾಲ. ಅದು ಮುಗಿಯುವವರೆಗೆ ಗೃಹಪ್ರವೇಶ ಬೇಡ ಎಂದು ವೇದಾ ತಡೆದಳು. ಚೀಲ ಅಲ್ಲಿಯವರೆಗೂ ತೇಲಿತು, ಮೀನುಗಳು ಬದುಕಿಕೊಂಡವು. ಆಮೇಲೆ ವೇದಾ ಟಾಂಕಿಗೆ ಅರಿಶಿನ ಕುಂಕುಮ ಹಚ್ಚಿ ಆರತಿ ಎತ್ತಿದಳು. ಕಾಗೆ, ಬೆಕ್ಕು ಬಾರದಂತೆ ಮೇಲೆ ಬಲೆ ಬಿಗಿದೆವು.

ಆ ದಿನಗಳಲ್ಲಿ ನನ್ನಷ್ಟು ಸುಖಿ ಡೊಂಬಿವಲಿಯಲ್ಲೇ ಇರಲಿಲ್ಲ. ಬೆಳಿಗ್ಗೆ ಚಹಾದ ಲೋಟ ಹಿಡಿದು ಟಾಂಕಿಯ ಕಟ್ಟೆಯ ಮೇಲೆ ಕೂರುತ್ತಿದ್ದೆ. ಸ್ವಲ್ಪ ಹೊತ್ತಿಗೆ ವೇದಾ ಬರುತ್ತಿದ್ದಳು, ಅವಳ ಹಿಂದೆ ಶ್ರೀನಿ, ಸಣ್ಣಗೆ ಹೆಚ್ಚಿದ ಪಾಲಕ್ಕಿನ ಬಟ್ಟಲು ಹಿಡಿದು. ಗೋಲ್ಡ್ ಫಿಶ್‌ಗಳು ಮುಗಿಬಿದ್ದು ತಿನ್ನುತ್ತಿದ್ದವು. ಆಸ್ಕರ್‌ಗಳು ಮೂಸಿಯೂ ನೋಡುತ್ತಿರಲಿಲ್ಲ.

"ಸಂಕೋಚ. ನಾವು ಹೋದ ಮೇಲೆ ತಿನ್ತವೆ" ಎನ್ನುತ್ತಿದ್ದರು ಶ್ರೀನಿ.

ಅವರು ಹೋದ ಮೇಲೆ ತಿನ್ನುತ್ತಿದ್ದವು, ನಿಜ. ದೀಪಾವಳಿಯ ಹೊತ್ತಿಗೆ ಆಸ್ಕರ್‌ಗಳು ಅಂಗೈಯಗಲ ಆಗಿದ್ದವು, ಮುಖದಲ್ಲಿ ಕಳೆ ಬಂದಿತ್ತು. ಪಾಲಕ್ಕಿನ ಮಹಿಮೆ ಎಂದು ಶ್ರೀನಿ ಎಲ್ಲರಿಗೂ ತೋರಿಸಿದರು. ಆದರೆ ಗಪ್ಪಿಗಳು ಕಾಣದಾದವು. ಹುಡುಕಿದರೆ ಒಂದೂ ಇಲ್ಲ. ಆಮೇಲೆ ಗೋಲ್ಡ್ ಫಿಶ್‌ಗಳು ಕಡಿಮೆಯಾಗುತ್ತ ಬಂದವು. ನನಗೆ ಕಾರಣ ಗೊತ್ತಿತ್ತು. ಹೇಳಲೇ ಎಂದು ಗಂಡನನ್ನು ಕೇಳಿದರೆ, "ಹೇಗೆ ಗೊತ್ತು ಅಂತ ಕೇಳಿದ್ರೆ ಎಂತ ಹೇಳ್ತೀ?" ಎಂದು ನನ್ನ ಬಾಯಿ ಮುಚ್ಚಿಸಿದರು.

ಶ್ರೀನಿಯ ತರ್ಕ ಬೇರೆ ದಾರಿ ಹಿಡಿಯಿತು. ಒಳಗಿರುವವರೆಲ್ಲ ಶಾಕಾಹಾರಿಗಳು. ಮೇಲೆ ಬಲೆ ಇದೆ. ಅಂದಮೇಲೆ ಬಲೆ ಸರಿಸಿದ್ದು ಮನುಷ್ಯರ ಕೈಯೇ. ನಮ್ಮ ಕಟ್ಟಡದಲ್ಲಿ ಮೀನು ತಿನ್ನುವ ಮನುಷ್ಯರು ಯಾರಿದ್ದಾರೆ?

ಒಂದು ಸೋಮವಾರ ಉತ್ತರ ಸಿಕ್ಕಿತು. ಸಾಬವ್ವ ಮಧ್ಯಾಹ್ನ ಹಿತ್ತಲ ಮೆಟ್ಟಿಲಲ್ಲಿ ಕೂತು ಉಂಡಿದ್ದಳು. ಅವಳು ಕಾಗದದಲ್ಲಿ ಸುತ್ತಿ ಎಸೆದದ್ದನ್ನು ಕಾಗೆಯೊಂದು ಎಳೆದಾಡಿ ವೇದಾಳ ಕಾಲ ಹತ್ತಿರ ಬೀಳಿಸಿತು. ಮೀನಿನ ಮುಳ್ಳು. ಪಾಪ, ವೇದಾ ಅದನ್ನು ಏನೂ ಯೋಚಿಸದೆ ಗಂಡನಿಗೆ ಹೇಳಿದಳು. ಅದೇ ಸಂಜೆ ಕಮಿಟಿ ಸೇರಿತು.

ಮೆಟ್ಟಿಲ ಕೆಳಗಿನ ಆಫೀಸಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ತುಂಬಿದ್ದವು. ಮೇಜಿನ ಮೇಲೆ ಪೇಪರು, ಪೇಪರಿನ ಮೇಲೆ ಮುಳ್ಳು. ಶ್ರೀನಿ ಮೂಗಿಗೆ ಕರ್ಚೀಫು ಹಿಡಿದಿದ್ದರು. ಸಾಬವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಇದನ್ನ ತಿಂದಿದ್ದು ನೀನೇನಾ?"

"ಹೌದ್ರಿ."

"ಟಾಂಕಿ ಮೀನು ತಾನೇ?"

"ಅಲ್ರಿ ಸಾಹೇಬ್ರ. ಆ ಕಿರುಬೆರಳಿನಷ್ಟ್ ಮೀನಿನ್ಯಾಗ ತಿನ್ನಾಕ ಏನೈತ್ರಿ? ಹಲ್ಲಿಗೂ ಸಾಲಂಗಿಲ್ಲ."

"ಮತ್ತೆ ಇದು ಎಲ್ಲಿಂದ ಬಂತು?"

"ಕೊಟ್ರು, ತಿಂದೆ."

"ಯಾರು ಕೊಟ್ಟಿದ್ದು?"

ಸಾಬವ್ವ ನೆಟ್ಟಗೆ ನಿಂತಳು. "ಹೆಸರ ಹೇಳಂಗಿಲ್ರಿ."

ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ, ಇವಳು ನನ್ನನ್ನು ಸಿಕ್ಕಿಸುತ್ತಾಳೆ ಎಂದು ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು. ಹೆಸರು ಹೇಳದಿದ್ದರೆ ಕದ್ದಂತೆಯೇ ಸೈ ಎಂದರು ಶ್ರೀನಿ. ನಾಳೆಯಿಂದ ಅವಳನ್ನು ಗೇಟಿನೊಳಗೆ ಬಿಡಬಾರದು ಎಂದರು. ಒಂದಲ್ಲ, ಎಲ್ಲ ಮನೆಗಳ ಕೆಲಸವೂ ಹೋದ ಹಾಗೆ. ಯಾರೂ ಬೇಡ ಎನ್ನಲಿಲ್ಲ. ಕೈ ಎತ್ತಿ ಎಂದಾಗ ಒಬ್ಬೊಬ್ಬರಾಗಿ ಎತ್ತತೊಡಗಿದರು.

ನನ್ನ ಕಾಲಿನ ಮೇಲೆ ಗಂಡನ ಕಾಲು ಬಿತ್ತು. ಒತ್ತಿದರು. ಆ ಒತ್ತಿನ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು: ಮನೆ ಉಂಟು, ಹೋಟೆಲು ಉಂಟು, ಮರ್ಯಾದೆ ಉಂಟು, ಕೂತುಕೋ. ನನಗೂ ಹೆದರಿಕೆಯಿತ್ತು. ಆದರೆ ನನ್ನ ಕೈಯಿಂದ ಮೀನು ತಿಂದವಳು ನನ್ನೆದುರೇ ಕಳ್ಳಿಯಾಗುವುದನ್ನು ನೋಡಿಕೊಂಡು ಕೂರಲು ನನ್ನಿಂದಾಗಲಿಲ್ಲ. ಕಾಲು ಕಿತ್ತುಕೊಂಡು ಎದ್ದೆ.

"ಅದು ಬಂಗುಡೆ" ಎಂದೆ.

"ಏನು?"

"ಬಂಗುಡೆ. ಸಮುದ್ರದ ಮೀನು. ಗೋಲ್ಡ್ ಫಿಶ್ಶಿನ ಮುಳ್ಳು ಹೀಗೆ ಇರುದಿಲ್ಲ. ನಮ್ಮ ಟಾಂಕಿಯಲ್ಲಿ ಬಂಗುಡೆ ಎಲ್ಲಿಂದ ಬರ್ಬೇಕು?"

"ನಿಮಗೆ ಹೇಗೆ ಗೊತ್ತು?"

ಟೀವಿ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ಹುರಿದದ್ದು ನಾನೇ. ನಿನ್ನೆ, ಕಲ್ಯಾಣಿನಲ್ಲಿ. ಅವಳಿಗೆ ಕೊಟ್ಟದ್ದೂ ನಾನೇ."

ಗಂಡ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಮೊದಲು ಬಾಯಿ ತೆರೆದದ್ದು ವೇದಾ.

"ಮತ್ತೆ... ಭಜನೆ?"

"ಭಜನೆ ಇಲ್ಲ ವೇದಾ. ಊಟ ಮಾತ್ರ."

ಶ್ರೀನಿಯ ಮುಖ ಕೆಂಪಾಯಿತು. "ಅಂದ್ರೆ ನಮ್ಮ ಟಾಂಕಿ ಮೀನೂ ನೀವೇ..."

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಅಂಜಲ್, ಕಾಣೆಯಂಥ ಸಮುದ್ರದ ಮೀನು ತಿಂದು ಬೆಳೆದವಳು ನಾನು. ಆ ಕೆಸರು ಮೀನಿಗೆ ಕೈ ಹಾಕಿದೆ ಎನ್ನುವುದು ನನಗೂ ನನ್ನ ಊರಿಗೂ ಅವಮಾನ. "ಬನ್ನಿ ಇಲ್ಲಿ" ಎಂದು ಕೂಗಿ ಹೊರಟೆ. ಕಮಿಟಿಯೆಲ್ಲ ನನ್ನ ಹಿಂದೆ ಹಿತ್ತಲಿಗೆ ಬಂತು. ದೀಪ ಹಾಕಿ, ಬಲೆ ಸರಿಸಿದೆ.

"ಇವುಗಳ ಬಾಯಿ ನೋಡಿ. ಅಂಗಡಿಯಲ್ಲೇ ನನಗೆ ಗೊತ್ತಾಗಿತ್ತು. ಹೇಳಿದ್ರೆ ನಾನು ಸಿಕ್ಕಿ ಬೀಳ್ತೇನೆ ಅಂತ ಹೇಳ್ಲಿಲ್ಲ."

ದೀಪದ ಬೆಳಕಿಗೆ, ತಾವರೆ ಕುಂಡದ ಹಿಂದೆ ಅಡಗಿದ್ದ ಕೊನೆಯ ಗೋಲ್ಡ್ ಫಿಶ್ ಹೊರಗೆ ಬಂತು. ಆಸ್ಕರ್ ಆತುರಪಡಲಿಲ್ಲ. ಗಂಭೀರವಾಗಿ ಬಂದು ಬಾಯಿ ತೆರೆಯಿತು, ಮುಚ್ಚಿತು. ತುಟಿಯ ಹೊರಗೆ ಕೇಸರಿ ಬಾಲವೊಂದು ಸ್ವಲ್ಪ ಹೊತ್ತು ಅಲ್ಲಾಡಿ ಒಳಗೆ ಹೋಯಿತು.

ಶ್ರೀನಿ ಟಾಂಕಿಯ ಕಟ್ಟೆ ಹಿಡಿದು ಕುಸಿದು ಕೂತರು. "ದಿನಾ ಪಾಲಕ್ ಹೆಚ್ಚಿ ಹಾಕ್ತಿದ್ನಲ್ಲೋ ನಿಂಗೆ" ಎಂದರು ಮೀನಿಗೆ. ನನಗೆ ಆ ಗಳಿಗೆಯಲ್ಲೂ ಅಯ್ಯೋ ಅನ್ನಿಸಿತು.

ನಿಯಮದ ಪ್ರಕಾರ ಈ ಮೀನುಗಳನ್ನೂ ಶೆಟ್ಟರನ್ನೂ ಹೊರಗೆ ಕಳಿಸಬೇಕಲ್ಲವೇ ಎಂದು ಮೂರನೆಯ ಮಹಡಿಯವರು ಕೇಳಿದರು. ಶ್ರೀನಿ ಹೆಂಡತಿಯ ಮುಖ ನೋಡಿದರು. ವೇದಾಳ ಕಣ್ಣಲ್ಲಿ ನೀರಿತ್ತು. ನಾನು ಮೋಸ ಮಾಡಿದೆನೆಂದೋ, ಗೋಲ್ಡ್ ಫಿಶ್ ಹೋಯಿತೆಂದೋ ಗೊತ್ತಾಗಲಿಲ್ಲ.

"ಮೊದ್ಲು ಸಾಬವ್ವನ ಹತ್ರ ತಪ್ಪಾಯ್ತು ಅನ್ನಿ" ಎಂದಳು. "ಸುಂದರಕ್ಕ ಸುಳ್ಳು ಹೇಳಿದ್ದಕ್ಕೆ ನಾನು ಅವರ ಜೊತೆ ಜಗಳ ಆಡ್ತೀನಿ, ಅದು ನನ್ನ ಪಾಡು. ಆದ್ರೆ ಅವರನ್ನ ಕಳಿಸೋ ಮಾತು ಆಡ್ಬೇಡಿ. ಬೆಳಿಗ್ಗೆ ನಾನು ಯಾರ ಜೊತೆ ಕೂತ್ಕೊಳ್ಲಿ?"

ಶ್ರೀನಿ ಎದ್ದು ಸಾಬವ್ವನಿಗೆ ಕೈ ಮುಗಿದರು. ಉಳಿದ ವಿಷಯ ಮುಂದಿನ ಮೀಟಿಂಗಿಗೆ ಎಂದರು. ನಮ್ಮ ಸೊಸೈಟಿಯಲ್ಲಿ ಮುಂದಿನ ಮೀಟಿಂಗಿಗೆ ಹೋದ ವಿಷಯ ಮತ್ತೆ ಬಂದದ್ದನ್ನು ನಾನಂತೂ ನೋಡಿಲ್ಲ. ಒಬ್ಬೊಬ್ಬರಾಗಿ ಹೊರಟರು. ನನ್ನ ಗಂಡ ಯಾರ ಮುಖವನ್ನೂ ನೋಡದೆ ಒಳಗೆ ಹೋದರು.

ಹಿತ್ತಲಲ್ಲಿ ನಾನು, ಸಾಬವ್ವ ಉಳಿದೆವು. ಅವಳ ಕೈ ಹಿಡಿದುಕೊಂಡೆ.

"ಅವರು ಅಷ್ಟೆಲ್ಲ ಮಾಡಿದ್ರಲ್ಲ, ನನ್ನ ಹೆಸ್ರು ಯಾಕೆ ಹೇಳ್ಲಿಲ್ಲ ಸಾಬವ್ವ?"

ಅವಳು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. "ಹೇಳಿದ್ರ ನಿಮ್ಮನ್ನ ಇಲ್ಲಿಂದ ಎಬ್ಬಸ್ತಿದ್ರು. ಎಬ್ಬಿಸಿದ್ರ ನನಗ ಮೀನ ಯಾರ ಕೊಡ್ತಿದ್ರಿ?"

ನನಗೆ ಎಷ್ಟು ಸಿಟ್ಟು ಬಂತೆಂದರೆ, ಅಷ್ಟೇ ನಗುವೂ ಬಂತು. ಅವಳ ತ್ಯಾಗಕ್ಕೆ ನಾನು ಮನೆ, ಹೋಟೆಲು, ಗಂಡ ಎಲ್ಲವನ್ನೂ ಪಣಕ್ಕಿಟ್ಟಿದ್ದೆ. ಅವಳು ನೋಡಿದರೆ ಬಂಗುಡೆಯ ಲೆಕ್ಕ ಹಾಕುತ್ತಿದ್ದಳು. ನಗುತ್ತ ನಗುತ್ತ ಅಳು ಬಂತು. ಅವಳೂ ಕಣ್ಣೊರೆಸಿಕೊಂಡಳು, ಯಾವುದಕ್ಕೆಂದು ಅವಳಿಗೇ ಗೊತ್ತು.

"ಮುಂದಿನ ವಾರ ಬಂಗುಡೆ ಅಲ್ಲ, ಅಂಜಲ್ ತರ್ತೇನೆ ನಿನಗೆ. ದಪ್ಪ ತುಂಡು!" ಎಂದೆ. ಪಿಸುಗುಟ್ಟಲು ಹೋಗಿ, ಪಿಸುಗುಟ್ಟಬೇಕಾಗಿಲ್ಲ ಎಂದು ನೆನಪಾಗಿ, ಮೂರನೆಯ ಮಹಡಿಗೂ ಕೇಳುವ ಹಾಗೆ ಮತ್ತೊಮ್ಮೆ ಹೇಳಿದೆ.